ಹೂವಿನ ಕಟ್ಟಿನ ಮೇಲೆ ಕೊಯ್ದ ಹೊತ್ತು ಬರೆಯಿರಿ

ಹೂವಿನ ಮಾರುಕಟ್ಟೆ ನಡೆಸುವವರಿಗೆ, ಸಗಟು ವ್ಯಾಪಾರಿಗಳಿಗೆ, ಹೂವಿನಂಗಡಿಯವರಿಗೆ, ಅಲಂಕಾರದ ಕೆಲಸ ಮಾಡುವವರಿಗೆ, ಮನೆಗೆಂದು ಹೂವು ಕೊಳ್ಳುವ ಎಲ್ಲರಿಗೂ,

ನಮಸ್ಕಾರ.

ನಾನು ಹೂವು ಬೆಳೆಯುವವಳು. ಡೇಲಿಯಾ, ಜಿನ್ನಿಯಾ, ಸ್ನ್ಯಾಪ್‌ಡ್ರ್ಯಾಗನ್, ಲಿಸಿಯಾಂತಸ್, ಸ್ವೀಟ್ ಪೀ, ಕೋಳಿಜುಟ್ಟು. ಹೂದಾನಿಗೆಂದೇ ಉದ್ದ ದಂಟಿನ ಸಮೇತ ಕೊಯ್ಯುವ ಹೂವುಗಳು ಇವು. ಗುಲಾಬಿ, ಕಾರ್ನೇಷನ್, ಸೇವಂತಿಗೆಯ ಹಾಗೆ ವರ್ಷವಿಡೀ ಲೋಡುಗಟ್ಟಲೆ ಓಡಾಡುವ ಮಾಲಲ್ಲ. ಹಂಗಾಮು ನೋಡಿಕೊಂಡು ಬರುತ್ತವೆ, ಸ್ವಲ್ಪ ಸ್ವಲ್ಪವೇ ಬರುತ್ತವೆ. ವ್ಯಾಪಾರದ ಮಾತಿನಲ್ಲಿ ಇವಕ್ಕೆ ಸ್ಪೆಷಾಲಿಟಿ ಕಟ್ ಫ್ಲವರ್ ಅನ್ನುತ್ತಾರೆ.

ಈ ಪತ್ರದಲ್ಲಿ ನಾನು ಕೇಳುವುದು ಒಂದೇ. ಪ್ರತಿ ಕಟ್ಟಿನ ಮೇಲೆ ಕೊಯ್ದ ದಿನ, ಕೊಯ್ದ ಹೊತ್ತು ಬರೆದಿರಲಿ. ಬೆಳೆದವರು ಬರೆಯಲಿ, ಮಾರುವವರು ಕೀಳದಿರಲಿ, ಕೊಳ್ಳುವವರು ಕೇಳಿ ನೋಡಲಿ. ಮಾತ್ರೆಯ ಪಟ್ಟಿಯ ಮೇಲೆ ತಾರೀಖು ಇರುತ್ತದೆ. ಗಡಿಯಾರಕ್ಕೆ ಹಾಕುವ ಸೆಲ್ಲಿನ ಮೇಲೂ ಇರುತ್ತದೆ. ಆಯಸ್ಸನ್ನು ದಿನಗಳಲ್ಲಿ ಎಣಿಸಬೇಕಾದ ಹೂವಿನ ಮೇಲೆ ಮಾತ್ರ ಏನೂ ಇರುವುದಿಲ್ಲ.

ಯಾಕೆ ಇದಕ್ಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂತ ಹೇಳುತ್ತೇನೆ.

ಕೊಯ್ದ ಹೂವು ಸತ್ತ ವಸ್ತು ಅಲ್ಲ. ಅದು ಉಸಿರಾಡುತ್ತಿರುತ್ತದೆ. ಗಿಡದಲ್ಲಿದ್ದಾಗ ಎಲೆಗಳು ಮಾಡಿಕೊಟ್ಟ ಸಕ್ಕರೆ ಎಷ್ಟು ಉಳಿದಿದೆಯೋ ಅಷ್ಟನ್ನು ಖರ್ಚು ಮಾಡುತ್ತಾ ಬದುಕುತ್ತದೆ. ಹೊಸದಾಗಿ ಬರುವುದು ಹೆಚ್ಚೇನೂ ಇಲ್ಲ. ಈ ಖರ್ಚಿನ ವೇಗವನ್ನು ಬಿಸಿ ಏರಿಸುತ್ತದೆ. ಸೆಕೆ 10 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾದರೆ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟು ಆಗುತ್ತದೆ. ಅಂದರೆ 5 ಡಿಗ್ರಿಯ ಕೋಣೆಯಲ್ಲಿ ಇಡೀ ದಿನ ಕಳೆದ ಹೂವಿಗಿಂತ, 30 ಡಿಗ್ರಿಯ ವ್ಯಾನಿನಲ್ಲಿ ಮೂರ್ನಾಲ್ಕು ಗಂಟೆ ಕೂತ ಹೂವು ಜಾಸ್ತಿ ಮುದಿಯಾಗಿರಬಹುದು.

ತೊಂದರೆ ಏನೆಂದರೆ, ಇದು ಆಗ ಕಾಣುವುದಿಲ್ಲ. ಸಂಜೆ ಅಂಗಡಿಯಲ್ಲಿ ಎರಡು ಕಟ್ಟು ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಹೊಳೆಯುತ್ತಿರುತ್ತವೆ. ವ್ಯತ್ಯಾಸ ಗೊತ್ತಾಗುವುದು ಮೂರನೇ ದಿನ, ಕೊಂಡವರ ಮನೆಯಲ್ಲಿ. ಅಷ್ಟರಲ್ಲಿ ದುಡ್ಡು ಕೈ ಬದಲಾಗಿರುತ್ತದೆ. ತಪ್ಪು ಹೂವಿನ ಜಾತಿಯ ಮೇಲೆ ಬೀಳುತ್ತದೆ. ‘ಡೇಲಿಯಾ ಬಾಳಿಕೆ ಬರಲ್ಲ’, ‘ಸ್ವೀಟ್ ಪೀ ಸುಮ್ನೆ ದುಡ್ಡು ದಂಡ’ ಅಂತ ಮಾತು ಹರಡುತ್ತದೆ. ಡೇಲಿಯಾಕ್ಕೆ ಹೂದಾನಿಯಲ್ಲಿ ಸಿಗುವುದೇ ಮೂರರಿಂದ ಐದು ದಿನ, ಬಹಳ ಚೆನ್ನಾಗಿ ನೋಡಿಕೊಂಡರೆ ಒಂದು ವಾರ. ಅದರಲ್ಲಿ ಎರಡು ದಿನ ಬಕೆಟ್ಟಿನಲ್ಲೇ ಕಳೆದುಹೋದರೆ ಕೊಂಡವರಿಗೆ ಉಳಿಯುವುದೇನು ಹೇಳಿ?

ಆ ಒಂದು ಕಟ್ಟಿನ ಹಿಂದೆ ಎಷ್ಟು ಕೆಲಸ ಇದೆ ಅನ್ನುವುದನ್ನೂ ಹೇಳಬೇಕು. ಲಿಸಿಯಾಂತಸ್ ತಗೊಳ್ಳಿ. ಅದರ ಬೀಜ ಧೂಳಿನ ಹಾಗೆ. ಒಂದು ಗ್ರಾಂಗೆ ಸುಮಾರು 20 ಸಾವಿರ ಬೀಜ ಬರುತ್ತವೆ. ಹಾಗಾಗಿ ಮಣ್ಣಿನ ಲೇಪ ಕೊಟ್ಟು ಗುಳಿಗೆ ಮಾಡಿ ಮಾರುತ್ತಾರೆ. ಮೊಳೆಯಲು ಬೆಳಕು ಬೇಕು, ಮೇಲೆ ಮಣ್ಣು ಮುಚ್ಚುವಂತಿಲ್ಲ. ಬೀಜ ಹಾಕಿ ಹೂವು ನೋಡುವಷ್ಟರಲ್ಲಿ ಐದಾರು ತಿಂಗಳು. ಸಸಿ ಚಿಕ್ಕದಿದ್ದಾಗ ಸೆಕೆ ಜಾಸ್ತಿಯಾದರೆ ದಂಟು ಏಳುವುದೇ ಇಲ್ಲ. ಎಲೆಗಳು ನೆಲಕ್ಕಂಟಿಕೊಂಡು ಚಕ್ರದ ಹಾಗೆ ಕೂತುಬಿಡುತ್ತವೆ. ಗಿಡ ಹಸಿರಾಗಿಯೇ ಇರುತ್ತದೆ, ಹೂವಿಗೆ ಮಾತ್ರ ಕಾದಿದ್ದೇ ಬಂತು.

ಸ್ನ್ಯಾಪ್‌ಡ್ರ್ಯಾಗನ್‌ಗೆ ಬೇರೆಯದೇ ಕಷ್ಟ. ಸಸಿ ಮೊಣಕಾಲೆತ್ತರ ಬರುವ ಮೊದಲೇ ಅಡ್ಡಡ್ಡ ಬಲೆ ಕಟ್ಟಬೇಕು. ಒಂದು ಸಲ ಗಾಳಿಗೆ ಬಿದ್ದರೆ ತುದಿ ಮತ್ತೆ ಆಕಾಶ ನೋಡಿಕೊಂಡು ಬಾಗುತ್ತದೆ. ಆಮೇಲೆ ನೆಟ್ಟಗೆ ನಿಲ್ಲಿಸಿದರೂ ಆ ಸೊಟ್ಟ ಹೋಗುವುದಿಲ್ಲ. ಸೊಟ್ಟ ದಂಟನ್ನು ಯಾರೂ ತಗೊಳ್ಳಲ್ಲ. ಡೇಲಿಯಾಕ್ಕೆ ವೈರಸ್ ಕಾಟ. ಒಂದು ರೋಗದ ಗಿಡ ಕತ್ತರಿಸಿದ ಕತ್ತರಿಯನ್ನು ತೊಳೆಯದೆ ಪಕ್ಕದ ಗಿಡಕ್ಕೆ ಹಾಕಿದರೆ ರೋಗವೂ ಜೊತೆಗೇ ಹೋಗುತ್ತದೆ. ಸ್ವೀಟ್ ಪೀಗೆ ಬಿಸಿಲು ಏರಿದರೆ ದಂಟು ಗಿಡ್ಡವಾಗುತ್ತಾ ಬಂದು, ಕೊನೆಗೆ ಕಟ್ಟು ಕಟ್ಟಲಿಕ್ಕೂ ಆಗುವುದಿಲ್ಲ.

ಇನ್ನೊಂದು ವಿಷಯ ಇದೆ, ಇದು ಹೊಲದಲ್ಲಿ ನಿಂತವರಿಗೆ ಮಾತ್ರ ಕಾಣುವಂಥದ್ದು. ಜೇನುನೊಣ. ಜೇನು ಬಂದರೆ ನನಗೂ ಖುಷಿಯೇ. ಆದರೆ ಸ್ನ್ಯಾಪ್‌ಡ್ರ್ಯಾಗನ್‌ನಂಥ ಹೂವಿಗೆ ಪರಾಗಸ್ಪರ್ಶ ಆಯಿತು ಅಂದರೆ ಅದರ ಕೆಲಸ ಮುಗಿಯಿತು. ಬೀಜ ಕಟ್ಟುವ ಕಡೆ ಗಿಡ ತಿರುಗುತ್ತದೆ, ಹೂವು ಒಳಗೊಳಗೇ ಎಥಿಲೀನ್ ಅನಿಲ ಬಿಡಲು ಶುರುಮಾಡುತ್ತದೆ, ಎಸಳು ಕಳಚಿ ಬೀಳುತ್ತದೆ. ದಪ್ಪನೆಯ ದುಂಬಿ ಒಂದು ಹೂವಿನ ಬಾಯಿ ಅಗಲಿಸಿ ಒಳಗೆ ತೂರಿ, ಬೆನ್ನಿಗೆ ಹಳದಿ ಪುಡಿ ಮೆತ್ತಿಕೊಂಡು ಹಿಂದಕ್ಕೆ ಬಂದು, ಮೇಲಿನ ಹೂವಿಗೆ ಹೋಗುವುದನ್ನು ನೋಡುತ್ತಾ ನಿಂತರೆ, ಆ ದಂಟಿನ ಆಯಸ್ಸು ಕಣ್ಣೆದುರೇ ಕಡಿಮೆಯಾಗುತ್ತಿದೆ ಅನ್ನುವುದು ಗೊತ್ತಿರುತ್ತದೆ. ಅದಕ್ಕೇ ನಾವು ದುಂಬಿ ಏಳುವ ಮೊದಲು, ನಸುಕಿನಲ್ಲೇ ಕೊಯ್ಲಿಗೆ ಇಳಿಯುತ್ತೇವೆ. ಆ ಹೊತ್ತಿಗೆ ದಂಟಿನಲ್ಲಿ ನೀರೂ ತುಂಬಿರುತ್ತದೆ.

ಕೊಯ್ಲಿನ ಹದದ ಬಗ್ಗೆ ಮಾರುಕಟ್ಟೆಯವರ ಜೊತೆ ನನಗೆ ನಿಜಕ್ಕೂ ತಕರಾರಿದೆ. ‘ಮೊಗ್ಗಾಗಿರಲಿ, ಬಿಗಿಯಾಗಿರಲಿ’ ಅನ್ನುವುದು ಗುಲಾಬಿಯಿಂದ ಬಂದ ರೂಢಿ. ಅದನ್ನು ಎಲ್ಲ ಹೂವಿಗೂ ಹಾಕುವುದು ತಪ್ಪು. ಡೇಲಿಯಾವನ್ನು ಬಿಗಿ ಮೊಗ್ಗಿನಲ್ಲಿ ಕೊಯ್ದರೆ ಅದು ಮತ್ತೆ ಅರಳುವುದೇ ಇಲ್ಲ. ಮುಕ್ಕಾಲು ಭಾಗವಾದರೂ ಅರಳಿರಬೇಕು, ಹಿಂದಿನ ಎಸಳು ಮಾತ್ರ ಇನ್ನೂ ಗಟ್ಟಿಯಾಗಿರಬೇಕು. ಜಿನ್ನಿಯಾದ ಹದ ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹೂವಿನ ತಲೆ ಜೋಲಾಡಿದರೆ ಇನ್ನೂ ಎಳೆಯದು. ಎಷ್ಟೇ ಚೆನ್ನಾಗಿ ನೀರಲ್ಲಿಟ್ಟರೂ ಮಾರನೇ ದಿನ ಕುತ್ತಿಗೆ ಬಗ್ಗಿಸುತ್ತದೆ. ಕಡ್ಡಿಯ ಹಾಗೆ ನೆಟ್ಟಗೆ ನಿಂತರೆ ಕೊಯ್ಯಬಹುದು. ಬಣ್ಣ ಎರಡರಲ್ಲೂ ಒಂದೇ, ಅಗಲವೂ ಹೆಚ್ಚುಕಡಿಮೆ ಒಂದೇ.

ಸೂರ್ಯಕಾಂತಿಯದು ಇದಕ್ಕೆ ತದ್ವಿರುದ್ಧ. ಎಸಳು ನಡುವಿನ ತಟ್ಟೆಯಿಂದ ಈಗಷ್ಟೇ ಮೇಲೇಳುತ್ತಿರುವಾಗ ಕೊಯ್ದರೆ ನೀರಲ್ಲಿ ಆರಾಮಾಗಿ ಅರಳುತ್ತದೆ. ಗ್ಲಾಡಿಯೋಲಸ್‌ಗೆ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದರೆ ಸಾಕು. ಸ್ನ್ಯಾಪ್‌ಡ್ರ್ಯಾಗನ್‌ಗೆ ಕೆಳಗಿನ ಮೂರನೇ ಒಂದು ಭಾಗ ಅರಳಿರಬೇಕು. ಕೋಳಿಜುಟ್ಟು ಪೂರ್ತಿ ಬಲಿತಿರಬೇಕು. ಪಿಯೋನಿಯ ಮೊಗ್ಗನ್ನು ಒತ್ತಿ ನೋಡಬೇಕು, ಸ್ಪಂಜಿನ ಹಾಗೆ ಮೆತ್ತಗೆ ಸಿಕ್ಕರೆ ಹದ. ಹೂವಿಗೊಂದು ಲೆಕ್ಕ. ಇವೆಲ್ಲಕ್ಕೂ ಸೇರಿಸಿ ದಂಟಿನ ಉದ್ದ ಒಂದನ್ನೇ ಅಳೆದು ದರ್ಜೆ ಕೊಡುವುದು ನ್ಯಾಯವಲ್ಲ.

ಈಗ ನೀರಿಗೆ ಬರುತ್ತೇನೆ. ಹೂವು ಬಾಡಲು ನೀರು ಸಾಲದ್ದು ಕಾರಣ ಅಂತ ಜನ ಅಂದುಕೊಳ್ಳುತ್ತಾರೆ. ಬಹಳ ಸಲ ಬಕೆಟ್ ತುಂಬ ನೀರಿರುತ್ತದೆ, ಆದರೂ ಹೂವು ಬಾಯಾರಿ ಸೊರಗುತ್ತದೆ. ದಂಟಿನ ಒಳಗಿನ ಸಣ್ಣ ಕೊಳವೆಗಳು ಕಟ್ಟಿಕೊಂಡಿರುತ್ತವೆ, ಅಷ್ಟೆ. ಕೊಯ್ದ ಕೂಡಲೇ ದಂಟು ಗಾಳಿ ಎಳೆದುಕೊಳ್ಳುತ್ತದೆ, ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟುತ್ತದೆ. ನೀರಿನಲ್ಲಿ ಮುಳುಗಿದ ಎಲೆ ಕೊಳೆತರೆ ಇನ್ನೂ ಬೇಗ. ಜರ್ಬೆರಾ ಇದಕ್ಕೆ ಬಹಳ ಸೂಕ್ಷ್ಮ. ಅದರ ದಂಟಿನ ಮೇಲೆಲ್ಲ ಸಣ್ಣ ಕೂದಲು, ಒಳಗೆ ಪೊಳ್ಳು. ಆಳ ನೀರಿನಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಸೇರಿ ದಂಟು ಕೊಳೆಯುತ್ತದೆ, ಹೂವು ತಲೆ ಬಾಗಿಸುತ್ತದೆ. ಅದಕ್ಕೆ ಕಡಿಮೆ ನೀರು, ತುಂಬ ಶುದ್ಧ ನೀರು ಬೇಕು. ಜಿನ್ನಿಯಾ, ಸೂರ್ಯಕಾಂತಿಗಳು ತಾವಿರುವ ನೀರನ್ನು ಬಲು ಬೇಗ ಹೊಲಸು ಮಾಡುತ್ತವೆ. ನಾರ್ಸಿಸಸ್ ಹೂವು ಕೊಯ್ದ ಜಾಗದಿಂದ ಒಂದು ಲೋಳೆ ಬಿಡುತ್ತದೆ, ಅದೇ ಬಕೆಟ್ಟಿನಲ್ಲಿ ಟ್ಯೂಲಿಪ್ ಇದ್ದರೆ ಅದನ್ನು ಕೆಡಿಸುತ್ತದೆ. ಇವನ್ನೆಲ್ಲ ಒಂದೇ ಬಕೆಟ್ಟಿಗೆ ತುರುಕುವುದನ್ನು ದಯವಿಟ್ಟು ನಿಲ್ಲಿಸಿ.

ಸಕ್ಕರೆ ಹಾಕಿದರೆ ಹೂವು ಬಾಳುತ್ತದೆ ಅನ್ನುವ ಮಾತು ಅರ್ಧ ನಿಜ. ಸಕ್ಕರೆ ಹೂವಿಗೂ ಆಹಾರ, ಬ್ಯಾಕ್ಟೀರಿಯಾಕ್ಕೂ ಆಹಾರ. ಬ್ಯಾಕ್ಟೀರಿಯಾವನ್ನು ತಡೆಯುವ ಏನಾದರೂ ಜೊತೆಗೆ ಇರಬೇಕು, ನೀರು ಸ್ವಲ್ಪ ಹುಳಿಯಾಗಿರಬೇಕು. ಹೂವಿನ ಆಹಾರದ ಪುಡಿಯಲ್ಲಿ ಈ ಮೂರೂ ಇರುತ್ತವೆ. ಪುಡಿ ಇಲ್ಲದಿದ್ದರೆ ದಿನಾ ನೀರು ಬದಲಿಸಿ. ಬರೀ ಸಕ್ಕರೆಗಿಂತ ಅದು ಎಷ್ಟೋ ಮೇಲು. ಬಕೆಟ್ಟಿನ ವಿಷಯದಲ್ಲಿ ನಮ್ಮಲ್ಲಿ ಇರುವ ನಿಯಮ ಸರಳ: ಆ ಬಕೆಟ್ಟಿನ ನೀರನ್ನು ನೀವೇ ಕುಡಿಯಲು ಹಿಂಜರಿಯುವಂತಿದ್ದರೆ ಅದರಲ್ಲಿ ಹೂವು ಇಡಬೇಡಿ.

ಎಥಿಲೀನ್ ಬಗ್ಗೆ ಮೇಲೆ ಹೇಳಿದೆ, ಪೂರ್ತಿ ಹೇಳಲಿಲ್ಲ. 1908ರಲ್ಲಿ ವಿಲಿಯಂ ಕ್ರಾಕರ್ ಮತ್ತು ಲೀ ನೈಟ್ ಎಂಬ ಸಸ್ಯವಿಜ್ಞಾನಿಗಳು ಒಂದು ವರದಿ ಪ್ರಕಟಿಸಿದರು. ಆಗ ದೀಪಕ್ಕೆ ಉರಿಸುತ್ತಿದ್ದ ಅನಿಲ ಸೋರಿದ ಕಡೆ ಕಾರ್ನೇಷನ್ ಹೂವುಗಳು ಮುದುಡಿಕೊಳ್ಳುತ್ತಿದ್ದವು. ಅನಿಲದಲ್ಲಿದ್ದ ಎಥಿಲೀನ್ ಅದಕ್ಕೆ ಕಾರಣ ಅಂತ ಅವರು ತೋರಿಸಿದರು. ಬೆಳೆಗಾರರು ಅದನ್ನು ಹೂವು ‘ನಿದ್ದೆಗೆ ಹೋಗುವುದು’ ಅಂತ ಕರೆಯುತ್ತಾರೆ. ಅರಳಿದ ಹೂವು ಒಳಮುಖವಾಗಿ ಮುದುಡುತ್ತದೆ, ಮತ್ತೆ ಏಳುವುದಿಲ್ಲ. ಈಗ ಆ ದೀಪಗಳಿಲ್ಲ. ಆದರೆ ಎಥಿಲೀನ್ ಇದೆ. ಹಣ್ಣಾಗುತ್ತಿರುವ ಹಣ್ಣುಗಳಿಂದ ಬರುತ್ತದೆ, ವಾಹನದ ಹೊಗೆಯಿಂದ ಬರುತ್ತದೆ, ಮೂಲೆಯಲ್ಲಿ ಗುಡಿಸಿಟ್ಟ ಕೊಳೆತ ಎಲೆಯಿಂದಲೂ ಬರುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಸ್ವೀಟ್ ಪೀ, ಡೆಲ್ಫಿನಿಯಂ, ಸ್ನ್ಯಾಪ್‌ಡ್ರ್ಯಾಗನ್, ಕಾರ್ನೇಷನ್ ಹಾಳಾಗಬಹುದು. ಎಂಜಿನ್ ಆರಿಸದೆ ಲೋಡು ತುಂಬುವುದು, ಹಣ್ಣಿನ ಕ್ರೇಟಿನ ಪಕ್ಕ ಹೂವಿನ ಬಕೆಟ್ ಇಡುವುದು, ಕಸವನ್ನು ಕೋಲ್ಡ್ ರೂಮಿನೊಳಗೇ ಬಿಡುವುದು. ಮಾರುಕಟ್ಟೆಯವರು ಕಾಸು ಖರ್ಚಿಲ್ಲದೆ ನಿಲ್ಲಿಸಬಹುದಾದದ್ದು ಇವು. ಸಿಲ್ವರ್ ಥಯೋಸಲ್ಫೇಟ್, 1-ಎಂಸಿಪಿಯಂಥ ಮದ್ದುಗಳಿವೆ, ಎಥಿಲೀನ್ ಹೊಡೆತದಿಂದ ಹೂವನ್ನು ಕಾಪಾಡುತ್ತವೆ. ಮೊದಲನೆಯದರಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಉಳಿದ ನೀರನ್ನು ಕಂಡಲ್ಲಿ ಚೆಲ್ಲುವ ಹಾಗಿಲ್ಲ. ಸಣ್ಣ ಬೆಳೆಗಾರರಿಗೆ ಅದೇ ಒಂದು ದೊಡ್ಡ ತಲೆನೋವು.

‘ಹಾಗಾದರೆ ಎಲ್ಲವನ್ನೂ ಕೋಲ್ಡ್ ರೂಮಿಗೆ ಹಾಕಿಬಿಡೋಣ, ಮುಗೀತಲ್ವಾ?’ ಅಂತ ಕೇಳುತ್ತಾರೆ. ಮುಗಿಯುವುದಿಲ್ಲ. ಹೆಚ್ಚಿನ ಹೂವುಗಳಿಗೆ 0ಯಿಂದ 2 ಡಿಗ್ರಿ ಒಳ್ಳೆಯದು, ನಿಜ. ಆದರೆ ಜಿನ್ನಿಯಾಕ್ಕೆ ಅಷ್ಟು ತಣ್ಣಗೆ ಒಗ್ಗುವುದಿಲ್ಲ, ಅದನ್ನು 5 ಡಿಗ್ರಿಗಿಂತ ಮೇಲೇ ಇಡಬೇಕು. ಆಂಥೂರಿಯಂ, ಹೆಲಿಕೋನಿಯಾ ಥರದ ಉಷ್ಣವಲಯದ ಹೂವುಗಳನ್ನು 12-13 ಡಿಗ್ರಿಗಿಂತ ಕೆಳಗಿಟ್ಟರೆ ಕಪ್ಪಾಗುತ್ತವೆ. ತಣ್ಣಗಿದ್ದ ಹೂವನ್ನು ಪ್ಲಾಸ್ಟಿಕ್ ಸುತ್ತಿ ಬಿಸಿ ಗಾಳಿಗೆ ತಂದರೆ ಒಳಗೆಲ್ಲ ಬೆವರು ಕೂರುತ್ತದೆ. ಆ ಹನಿಗಳೇ ಬೂದು ಬೂಷ್ಟಿಗೆ ಬೇಕಾದದ್ದು. ಬೊಟ್ರೈಟಿಸ್ ಎಂಬ ಈ ಶಿಲೀಂಧ್ರ ಮೊದಲು ಎಸಳಿನ ಮೇಲೆ ಸೂಜಿ ಮೊನೆಯಷ್ಟು ಕಲೆಯಾಗಿ ಕಾಣುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಅರ್ಧ ಕಟ್ಟು ಕಂದು ಬಣ್ಣ. ತಣ್ಣಗೆ, ಬಿಸಿ, ಮತ್ತೆ ತಣ್ಣಗೆ ಅಂತ ಓಡಾಡಿಸುವುದಕ್ಕಿಂತ ಒಂದೇ ಸಮ ಇಡುವುದು ವಾಸಿ. ಗ್ಲಾಡಿಯೋಲಸ್, ಸ್ನ್ಯಾಪ್‌ಡ್ರ್ಯಾಗನ್‌ಗಳನ್ನು ಸಾಗಿಸುವಾಗ ನಿಲ್ಲಿಸಿಯೇ ಒಯ್ಯಿರಿ. ಮಲಗಿಸಿದರೆ ಕೆಲವೇ ಗಂಟೆಗಳಲ್ಲಿ ತುದಿ ಮೇಲಕ್ಕೆ ಬಾಗಿರುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಬರಬಹುದು. ಇಷ್ಟು ಕಾರಣಗಳಿರುವಾಗ ಬರೀ ಕೊಯ್ದ ಹೊತ್ತು ಬರೆದರೆ ಏನು ಸಿಗುತ್ತದೆ?

ಹೊಣೆ ಸಿಗುತ್ತದೆ. ಈಗ ಹೂವು ಬೇಗ ಬಾಡಿದರೆ ಬೆಳೆದವರು ಸಾಗಿಸಿದವರ ಕಡೆ, ಸಾಗಿಸಿದವರು ಅಂಗಡಿಯ ಕಡೆ, ಅಂಗಡಿಯವರು ಕೊಂಡವರ ಕಡೆ ಬೆರಳು ತೋರಿಸುತ್ತಾರೆ. ಎಲ್ಲಿ ಎಷ್ಟು ಹೊತ್ತು ಕಳೆಯಿತು ಅನ್ನುವುದು ಗೊತ್ತಿದ್ದರೆ ಮಾತು ಬೇರೆಯಾಗುತ್ತದೆ. ನಿನ್ನೆ ನಸುಕಿನಲ್ಲಿ ಕೊಯ್ದ ಡೇಲಿಯಾ ಇವತ್ತು ಅಂಗಡಿಯಲ್ಲಿ ಎಸಳು ಉದುರಿಸುತ್ತಿದ್ದರೆ ದಾರಿಯಲ್ಲಿ ಬಿಸಿ ತಾಗಿದೆ, ಇಲ್ಲವೇ ನನ್ನ ಹೊಲದಲ್ಲೇ ಹದ ಮೀರಿತ್ತು. ಎರಡರಲ್ಲಿ ಯಾವುದು ಅಂತ ಹುಡುಕಬಹುದು, ಸರಿಮಾಡಬಹುದು. ತಾರೀಖಿಲ್ಲದ ಕಟ್ಟಿನಲ್ಲಿ ಹುಡುಕಲಿಕ್ಕೇ ಏನೂ ಇರುವುದಿಲ್ಲ.

ವ್ಯಾಪಾರಿಗಳ ಆತಂಕ ನನಗೆ ಅರ್ಥವಾಗುತ್ತದೆ. ಎರಡು ದಿನದ ಹೂವು ಅಂತ ಬರೆದರೆ ಯಾರು ಕೊಳ್ಳುತ್ತಾರೆ ಅನ್ನುತ್ತೀರಿ. ಲಿಸಿಯಾಂತಸ್ ಆದರೆ ಕೊಳ್ಳುತ್ತಾರೆ. ಅದು ಚೆನ್ನಾಗಿ ನೋಡಿಕೊಂಡರೆ ಎರಡು ವಾರದ ತನಕ ಬರುತ್ತದೆ. ಪಿಯೋನಿಯ ಮೊಗ್ಗನ್ನು ನೀರಿಲ್ಲದೆ, 0ಯಿಂದ 1 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟು ಆಮೇಲೆ ಅರಳಿಸಬಹುದು. ಅದನ್ನು ಹಳೆಯದು ಅಂತ ತಳ್ಳುವುದು ಅನ್ಯಾಯ. ಅದಕ್ಕೇ ಕೊಯ್ದ ಹೊತ್ತಿನ ಪಕ್ಕ ಇನ್ನೊಂದು ಸಾಲು ಇರಲಿ: ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದು, ಎಲ್ಲಿಂದ ಎಲ್ಲಿಯ ತನಕ. ಓದುವವರಿಗೆ ರೂಢಿಯಾಗಲು ಸ್ವಲ್ಪ ದಿನ ಬೇಕಾಗಬಹುದು, ಕಲಿಯುತ್ತಾರೆ. ಡೇಲಿಯಾಕ್ಕೆ ಎರಡು ದಿನ ಅಂದರೆ ಜಾಸ್ತಿ, ಲಿಸಿಯಾಂತಸ್‌ಗೆ ಏನೂ ಅಲ್ಲ ಅನ್ನುವುದು ಕೊಳ್ಳುವವರಿಗೆ ತಿಳಿದರೆ ಅದು ನಿಮ್ಮ ವ್ಯಾಪಾರಕ್ಕೇ ಒಳ್ಳೆಯದು. ಡೇಲಿಯಾವನ್ನು ನಾಳೆಯ ಸಮಾರಂಭಕ್ಕೆ, ಲಿಸಿಯಾಂತಸ್ಸನ್ನು ಮನೆಯ ಹೂದಾನಿಗೆ ಅಂತ ನೀವೇ ಧೈರ್ಯವಾಗಿ ಹೇಳಿ ಮಾರಬಹುದು.

‘ಬೆಳೆದವರೇ ಸುಳ್ಳು ಬರೆದರೆ?’ ಬರೆಯಬಹುದು. ಅದಕ್ಕೆ ದಾರಿ ಇದೆ. ಮಾರುಕಟ್ಟೆಯಲ್ಲಿ ಒಂದು ಚಿಕ್ಕ ಕೋಣೆ ಇರಲಿ. ಪ್ರತಿ ಬೆಳೆಗಾರರ ಮಾಲಿನಿಂದ ಆಗಾಗ ಒಂದು ಕಟ್ಟು ತೆಗೆದು ಅಲ್ಲಿ ಹೂದಾನಿಗೆ ಹಾಕಿಡಿ. ಹೂವಿನ ಬಾಳಿಕೆ ಪರೀಕ್ಷಿಸುವವರು ಸಾಮಾನ್ಯವಾಗಿ 20 ಡಿಗ್ರಿ, ಗಾಳಿಯಲ್ಲಿ ಶೇ. 60 ತೇವ, ದಿನಕ್ಕೆ 12 ಗಂಟೆ ಬೆಳಕು ಇಟ್ಟು ನೋಡುತ್ತಾರೆ. ಅಷ್ಟೇನೂ ಕಷ್ಟದ ಏರ್ಪಾಡಲ್ಲ. ಯಾರ ಹೂವು ಎಷ್ಟು ದಿನ ನಿಂತಿತು ಅಂತ ಗೋಡೆಯ ಮೇಲೆ ಬರೆದು ಹಾಕಿ. ಸುಳ್ಳು ಬರೆದವರ ಹೂವು ಒಂದು ವಾರದೊಳಗೆ ತಾನೇ ಹೇಳುತ್ತದೆ. ನನ್ನ ಹೂವನ್ನೂ ಆ ಕೋಣೆಯಲ್ಲಿ ಇಡಿ. ಫಲಿತಾಂಶ ಏನೇ ಬಂದರೂ ನನ್ನ ಹೆಸರಿನ ಮುಂದೆ ಬರೆಯಿರಿ.

ಮನೆಗೆ ಹೂವು ಒಯ್ಯುವವರಿಗೆ ಹೆಚ್ಚು ಹೇಳುವುದಿಲ್ಲ. ಒಯ್ದ ಕೂಡಲೇ ದಂಟಿನ ತುದಿಯನ್ನು ಹರಿತವಾದ ಕತ್ತರಿಯಲ್ಲಿ ಮತ್ತೆ ಸ್ವಲ್ಪ ಕತ್ತರಿಸಿ. ಜಜ್ಜಬೇಡಿ, ಜಜ್ಜಿದರೆ ಕೊಳವೆಗಳು ಹಾಳಾಗಿ ಬ್ಯಾಕ್ಟೀರಿಯಾಕ್ಕೆ ಅನುಕೂಲ. ನೀರಿನೊಳಗೆ ಎಲೆ ಬೇಡ. ಹಣ್ಣಿನ ಬುಟ್ಟಿಯ ಪಕ್ಕ, ಕಿಟಕಿಯ ಬಿಸಿಲಿಗೆ, ಟೀವಿಯ ಮೇಲೆ ಇಡಬೇಡಿ. ಟ್ಯೂಲಿಪ್ ತಂದಿದ್ದರೆ ಅದು ಹೂದಾನಿಯಲ್ಲೂ ಉದ್ದ ಬೆಳೆಯುತ್ತದೆ, ಬೆಳಕಿನ ಕಡೆ ಬಾಗುತ್ತದೆ. ಅದು ರೋಗವಲ್ಲ, ಗಾಬರಿ ಬೀಳಬೇಡಿ. ಮತ್ತೆ ಅಂಗಡಿಯಲ್ಲಿ ಕೇಳಿ: ಇದನ್ನು ಯಾವಾಗ ಕೊಯ್ದಿದ್ದು? ಉತ್ತರ ಗೊತ್ತಿಲ್ಲ ಅಂದರೆ ಮುಂದಿನ ಸಲವೂ ಕೇಳಿ. ನೀವು ಕೇಳದೆ ಇದು ಶುರುವಾಗುವುದಿಲ್ಲ. ಬೆಳೆಗಾರರ ಮಾತಿಗಿಂತ ಗಿರಾಕಿಯ ಮಾತು ಅಂಗಡಿಯಲ್ಲಿ ಬೇಗ ಕೇಳಿಸುತ್ತದೆ.

ಮಾರುಕಟ್ಟೆ ನಡೆಸುವವರಲ್ಲಿ ಕೊನೆಯದಾಗಿ ಕೇಳಿಕೊಳ್ಳುವುದು ಇಷ್ಟು. ಈ ಚೀಟಿಯ ನಿಯಮವನ್ನು ಎಲ್ಲ ಹೂವಿಗೂ ಒಂದೇ ದಿನ ತರಬೇಕಿಲ್ಲ. ಆಯಸ್ಸು ಅತಿ ಕಡಿಮೆ ಇರುವ ಡೇಲಿಯಾ, ಸ್ವೀಟ್ ಪೀಗಳಿಂದ ಮುಂದಿನ ಹಂಗಾಮಿಗೆ ಶುರುಮಾಡಿ. ನೀರಿಗೆ ಅಳಿಸದ ಚಿಕ್ಕ ಚೀಟಿ, ರಬ್ಬರ್ ಬ್ಯಾಂಡಿನ ಕೆಳಗೆ ಸಿಕ್ಕಿಸುವಂಥದ್ದು. ಅದರಲ್ಲಿ ಹೂವಿನ ತಳಿ, ಕೊಯ್ದ ದಿನ ಮತ್ತು ಗಂಟೆ, ಇಟ್ಟ ತಾಪಮಾನ, ಬೆಳೆದವರ ನಂಬರು. ಚೀಟಿಯಿಲ್ಲದ ಕಟ್ಟನ್ನು ಹರಾಜಿಗೆ ತಗೊಳ್ಳಬೇಡಿ. ಚೀಟಿಗೆ ತಗಲುವ ಖರ್ಚನ್ನು ಬೆಳೆಗಾರರು ಹಾಕಿಕೊಳ್ಳುತ್ತೇವೆ. ಅದನ್ನು ಕೀಳದೆ ಕೊಳ್ಳುವವರ ಕೈವರೆಗೆ ತಲುಪಿಸುವ ಕೆಲಸ ನಿಮ್ಮದು.

ಇಂತಿ,
ಹೂವು ಬೆಳೆಯುವವಳು